ಹನ್ನೊಂದು ಮತಗಳ ಕೊರತೆ

2019ರ ಜುಲೈ ತಿಂಗಳ ಒಂದು ಮಧ್ಯಾಹ್ನ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನಲ್ಲಿ, ಬೇಸ್‌ಬಾಲಿನ ಶ್ರೇಷ್ಠರನ್ನು ಆರಿಸಿ ಗೌರವಿಸುವ ಹಾಲ್ ಆಫ್ ಫೇಮ್‌ನ ಕಂಚಿನ ಫಲಕಗಳ ಮುಂದೆ ನನ್ನ ಮಗಳು ಬಹಳ ಹೊತ್ತು ನಿಂತಿದ್ದಳು. ಆಗ ಅವಳಿಗೆ ಹನ್ನೆರಡು ವರ್ಷ; ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಸೆಕೆಂಡ್ ಬೇಸ್ ಕಾಯುತ್ತಿದ್ದಳು. ಡೆಟ್ರಾಯ್ಟ್ ಹೊರವಲಯದ ನಮ್ಮ ಮನೆಯಿಂದ ಕೂಪರ್ಸ್‌ಟೌನಿಗೆ ಒಂದಿಡೀ ಹಗಲಿನ ದಾರಿ. ದಾರಿಯುದ್ದಕ್ಕೂ ನಾನು ಅವಳಿಗೆ ಡೆಟ್ರಾಯ್ಟ್ ಟೈಗರ್ಸ್ ತಂಡದ ಅಲನ್ ಟ್ರ್ಯಾಮೆಲ್ ಮತ್ತು ಲೂ ವಿಟೇಕರ್ ಜೋಡಿಯ ಆಟವನ್ನು ವರ್ಣಿಸುತ್ತ ಬಂದಿದ್ದೆ. 2018ರಲ್ಲಿ ಸೇರಿದವರ ಸಾಲಿನಲ್ಲಿ ಟ್ರ್ಯಾಮೆಲ್ ಅವರ ಫಲಕ ಸಿಕ್ಕಿತು. ಅವಳು ಅದನ್ನು ಓದಿದಳು, ಆಚೀಚಿನ ಫಲಕಗಳನ್ನೂ ಓದಿದಳು, ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಇವರು ಚೆಂಡು ಎಸೀತಾ ಇದ್ದದ್ದು ಲೂ ಅವರಿಗೆ ಅಂದ್ಯಲ್ಲ, ಅವರ ಫಲಕ ಯಾವ ಕಡೆ ಇದೆ?" ಎಂದು ಕೇಳಿದಳು. ಇಲ್ಲ ಎಂದೆ. ಯಾಕೆ ಎಂದಳು. ನಾನು ಮತದಾನದ ನಿಯಮಗಳನ್ನು ವಿವರಿಸಿದೆ. ಅದು ಅವಳಿಗೆ ಸಮಾಧಾನ ಕೊಡಲಿಲ್ಲ. ಹೇಳುತ್ತ ಹೇಳುತ್ತ ನನಗೂ ಅದು ಉತ್ತರವೆಂದು ಅನ್ನಿಸಲಿಲ್ಲ.

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಟ್ರ್ಯಾಮೆಲ್ ಮತ್ತು ವಿಟೇಕರ್ ಇಬ್ಬರೂ ಟೈಗರ್ಸ್ ಪರ ಮೊದಲ ಪಂದ್ಯವನ್ನು ಆಡಿದ್ದು ಒಂದೇ ದಿನ, 1977ರ ಸೆಪ್ಟೆಂಬರ್ 9ರಂದು. ಅಲ್ಲಿಂದ 1995ರವರೆಗೆ ಎರಡನೆಯ ಬೇಸಿನ ಆಚೀಚೆ, ಟ್ರ್ಯಾಮೆಲ್ ಶಾರ್ಟ್‌ಸ್ಟಾಪ್, ವಿಟೇಕರ್ ಸೆಕೆಂಡ್ ಬೇಸ್‌ಮನ್ ಆಗಿ ಹತ್ತೊಂಬತ್ತು ಸೀಸನ್ ಅಕ್ಕಪಕ್ಕದಲ್ಲಿ ನಿಂತರು. ವರ್ಷದ ಚಾಂಪಿಯನ್ ತಂಡವನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಅನ್ನು 1984ರಲ್ಲಿ ಜೊತೆಯಾಗಿಯೇ ಗೆದ್ದರು. ಚೆಂಡು ಹೊಡೆದು ಬೇಸ್ ತಲುಪಿದ 'ಹಿಟ್'ಗಳು ಟ್ರ್ಯಾಮೆಲ್ ಅವರದು ಒಟ್ಟು 2,365, ವಿಟೇಕರ್ ಅವರದು 2,369. ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೋಮ್ ರನ್‌ಗಳನ್ನು ಟ್ರ್ಯಾಮೆಲ್ 185 ಹೊಡೆದರೆ ವಿಟೇಕರ್ ಹೊಡೆದದ್ದು 244. ಒಂದೇ ನೇಗಿಲು ಎಳೆದ ಎರಡು ಎತ್ತುಗಳಲ್ಲಿ ಒಂದಕ್ಕೆ ಮಾತ್ರ ಹಾರ ಹಾಕಿದಂತೆ ನನಗೆ ಇದು ಕಾಣುತ್ತದೆ.

ಕಂಬದ ಹಿಂದಿನ ಕುರ್ಚಿ

ನಾನು ಡೆಟ್ರಾಯ್ಟಿಗೆ ಬಂದದ್ದು 1995ರಲ್ಲಿ, ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್ ಕೆಲಸಕ್ಕೆ. ನಮ್ಮ ವಿಭಾಗದಲ್ಲಿ ಮೂವತ್ತು ವರ್ಷ ದುಡಿದಿದ್ದ ಹಿರಿಯರೊಬ್ಬರು, ನಾನು ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನಲ್ಲ ಎಂದು ತಿಳಿದು, ಒಂದು ಸಂಜೆ ಕೆಲಸ ಮುಗಿಸಿ ನನ್ನನ್ನು ಮಿಶಿಗನ್ ಮತ್ತು ಟ್ರಂಬುಲ್ ರಸ್ತೆಗಳು ಕೂಡುವಲ್ಲಿದ್ದ ಹಳೆಯ ಟೈಗರ್ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಮೇಲಂತಸ್ತನ್ನು ಹೊತ್ತ ಉಕ್ಕಿನ ಕಂಬಗಳು ಆ ಸ್ಟೇಡಿಯಂನ ಎಷ್ಟೋ ಕುರ್ಚಿಗಳಿಗೆ ಅಡ್ಡವಾಗಿದ್ದವು. ನಮಗೂ ಅಂಥ ಜಾಗವೇ ಸಿಕ್ಕಿತ್ತು. ಕಂಬದ ಎಡಗಡೆಯಿಂದ ಚೆಂಡೆಸೆಯುವ ಪಿಚರ್ ಕಾಣುತ್ತಿದ್ದ, ಬಲಗಡೆಯಿಂದ ಬ್ಯಾಟರ್ ಕಾಣುತ್ತಿದ್ದ. ಸಪೂರವಾದ, ಕನ್ನಡಕ ಹಾಕಿದ ಒಬ್ಬ ಎಡಗೈ ಆಟಗಾರ ಬ್ಯಾಟ್ ಹಿಡಿದು ಬಂದೊಡನೆ ಇಡೀ ಸ್ಟೇಡಿಯಂ "ಊ..." ಎಂದು ದೀರ್ಘವಾಗಿ ಕೂಗತೊಡಗಿತು. ತಮ್ಮ ಊರಿನ ಆಟಗಾರನನ್ನೇ ಇವರು ಹೀಗೆ ಹೀಯಾಳಿಸುವುದೇಕೆ ಎಂದು ನಾನು ದಂಗಾಗಿ ಕೇಳಿದೆ. ಆ ಹಿರಿಯರು ಪೆನ್ಸಿಲನ್ನು ಕೆಳಗಿಟ್ಟು, ಅದು ಹೀಯಾಳಿಕೆ ಅಲ್ಲ, ಅವರ ಹೆಸರು ಲೂ, ಜನ ಹೆಸರನ್ನು ಎಳೆದು ಕೂಗುತ್ತಿದ್ದಾರೆ, ಹದಿನೆಂಟು ವರ್ಷದಿಂದ ಹೀಗೆಯೇ ಕೂಗುತ್ತಿದ್ದಾರೆ ಎಂದು ವಿವರಿಸಿದರು.

ಅವರ ತೊಡೆಯ ಮೇಲೆ ಸ್ಕೋರ್ ಹಾಳೆ ಇತ್ತು. ಪ್ರತಿ ಚೆಂಡಿಗೂ ಏನೋ ಗುರುತು ಮಾಡುತ್ತಿದ್ದರು. ಬೇಸ್‌ಬಾಲ್‌ನಲ್ಲಿ ಮೈದಾನದ ಪ್ರತಿ ಜಾಗಕ್ಕೂ ಒಂದು ಅಂಕಿ ಇರುತ್ತದೆ. ಶಾರ್ಟ್‌ಸ್ಟಾಪ್ ಆರು, ಸೆಕೆಂಡ್ ಬೇಸ್ ನಾಲ್ಕು, ಫಸ್ಟ್ ಬೇಸ್ ಮೂರು. ನೆಲಕ್ಕೆ ಉರುಳಿ ಬಂದ ಚೆಂಡನ್ನು ಟ್ರ್ಯಾಮೆಲ್ ಹಿಡಿದು ವಿಟೇಕರ್ ಕಡೆಗೆ ಎಸೆದರು, ಅವರು ಬೇಸ್ ತುಳಿದು, ಎದುರಿನಿಂದ ಜಾರಿಕೊಂಡು ಬರುತ್ತಿದ್ದವನ ಕಾಲಿನಿಂದ ತಪ್ಪಿಸಿಕೊಂಡು, ಗಾಳಿಯಲ್ಲಿರುವಾಗಲೇ ಫಸ್ಟ್ ಬೇಸ್‌ಗೆ ತೂರಿದರು. ಒಂದೇ ಚೆಂಡಿಗೆ ಇಬ್ಬರು ಔಟ್. ಹಿರಿಯರು 6-4-3 ಎಂದು ಬರೆದರು. ಇದರಲ್ಲಿ ವಿಶೇಷವೇನೂ ಇಲ್ಲ, ಪ್ರತಿದಿನ ಆಗುವಂಥದ್ದು ಎಂದರು. ಹಾಗೆ ಪ್ರತಿದಿನ ಆಗುವಂತೆ ಕಂಡದ್ದೇ ವಿಟೇಕರ್ ಅವರಿಗೆ ಮುಳುವಾಯಿತು ಎಂದು ನನಗೆ ಅರ್ಥವಾದದ್ದು ವರ್ಷಗಳ ನಂತರ.

515ರಲ್ಲಿ 15

ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗಬೇಕಾದರೆ ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು, ಹತ್ತು ಸೀಸನ್ ಆಡಿರಬೇಕು, ಬೇಸ್‌ಬಾಲ್ ಬರಹಗಾರರ ಸಂಘದ ಹಿರಿಯ ಸದಸ್ಯರು ಹಾಕುವ ಮತಗಳಲ್ಲಿ ಶೇ 75 ಸಿಗಬೇಕು. ಒಬ್ಬ ಬರಹಗಾರ ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ಶೇ 5ಕ್ಕಿಂತ ಕಡಿಮೆ ಬಂದವರ ಹೆಸರು ಮರುವರ್ಷದ ಪಟ್ಟಿಯಿಂದ ಶಾಶ್ವತವಾಗಿ ಹೋಗುತ್ತದೆ. 2001ರಲ್ಲಿ ವಿಟೇಕರ್ ಅವರ ಹೆಸರು ಮೊದಲ ಬಾರಿಗೆ ಬಂದಾಗ 515 ಬರಹಗಾರರು ಮತ ಹಾಕಿದರು. ಅವರಲ್ಲಿ ಹದಿನೈದು ಮಂದಿ ಮಾತ್ರ ವಿಟೇಕರ್ ಹೆಸರಿಗೆ ಗುರುತು ಹಾಕಿದರು. ಪಟ್ಟಿಯಲ್ಲಿ ಉಳಿಯಲು ಇಪ್ಪತ್ತಾರು ಬೇಕಿತ್ತು. ಹನ್ನೊಂದು ಮತಗಳು ಕಡಿಮೆ ಬಿದ್ದವು, ಅಲ್ಲಿಗೆ ಮುಗಿಯಿತು.

ಈ ಹನ್ನೊಂದು ಎಂಬ ಸಂಖ್ಯೆಯನ್ನು ನಾನು ಮತ್ತೆ ಮತ್ತೆ ನೆನೆಯಲು ಕಾರಣವಿದೆ. ಪಟ್ಟಿಯಲ್ಲಿ ಉಳಿದವರಿಗೆ ಕಾಲ ಸಹಾಯ ಮಾಡುತ್ತದೆ. 287 ಪಂದ್ಯ ಗೆದ್ದ ಪಿಚರ್ ಬರ್ಟ್ ಬ್ಲೈಲೆವನ್ ಅವರಿಗೆ 1998ರಲ್ಲಿ ಸಿಕ್ಕಿದ್ದು ಶೇ 17.5. ಅವರ ಅಂಕಿ ಅಂಶಗಳನ್ನು ಹೊಸ ಕಣ್ಣಿನಿಂದ ನೋಡಿದ ಅಭಿಮಾನಿಗಳು ವರ್ಷವರ್ಷವೂ ವಾದಿಸಿದರು, ಬರಹಗಾರರು ನಿಧಾನವಾಗಿ ಒಪ್ಪಿದರು, ಹದಿನಾಲ್ಕನೆಯ ಬಾರಿಗೆ 2011ರಲ್ಲಿ ಅವರು ಆಯ್ಕೆಯಾದರು. ಲ್ಯಾರಿ ವಾಕರ್ 2014ರಲ್ಲಿ ಶೇ 10ರ ಹತ್ತಿರ ಕುಸಿದಿದ್ದರು. 2020ರಲ್ಲಿ, ಅವರ ಕೊನೆಯ ಅವಕಾಶದಲ್ಲಿ, ಶೇ 76.6 ಪಡೆದು ಒಳಗೆ ಬಂದರು. ಆ ಆರು ವರ್ಷಗಳಲ್ಲಿ ವಾಕರ್ ಒಂದು ಚೆಂಡನ್ನೂ ಹೊಡೆಯಲಿಲ್ಲ. ಬದಲಾದದ್ದು ನೋಡುವವರ ತಿಳಿವಳಿಕೆ. ವಿಟೇಕರ್ ಅವರಿಗೆ ಆ ವರ್ಷಗಳೇ ಸಿಗಲಿಲ್ಲ.

ಅವರನ್ನು ಏಕೆ ಕಡೆಗಣಿಸಿದರು ಎಂದು ಯೋಚಿಸಿದರೆ ಮೊದಲು ತೋರುವುದು, ಅವರು ಯಾವ ಒಂದರಲ್ಲೂ ಎಲ್ಲರಿಗಿಂತ ಮುಂದಿರಲಿಲ್ಲ ಎಂಬುದು. ಬ್ಯಾಟಿಂಗ್ ಸರಾಸರಿಯಲ್ಲಾಗಲಿ (ಬೇಸ್‌ಬಾಲಿನಲ್ಲಿ ಅದು ಬ್ಯಾಟ್ ಮಾಡಿದ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಬಂತು ಎಂಬ ಲೆಕ್ಕ) ಹೋಮ್ ರನ್‌ನಲ್ಲಾಗಲಿ ಲೀಗಿಗೆ ಮೊದಲಿಗರಾದವರಲ್ಲ. ಅವರ ಹೆಚ್ಚುಗಾರಿಕೆ ಇದ್ದದ್ದು ಆಗಿನ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕಾಣದ ಜಾಗಗಳಲ್ಲಿ. ಕೆಟ್ಟ ಚೆಂಡುಗಳನ್ನು ಬಿಟ್ಟುಬಿಟ್ಟು ಸುಮ್ಮನೆ ಫಸ್ಟ್ ಬೇಸ್‌ಗೆ ನಡೆದುಹೋಗುವ 'ವಾಕ್' ಅನ್ನು ಅವರು ಸುಮಾರು 1,200 ಬಾರಿ ಗಳಿಸಿದರು. ಬ್ಯಾಟಿಂಗ್ ಸರಾಸರಿಯಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ಈಗ 'ವಾರ್' ಎಂಬ ಲೆಕ್ಕ ಬಂದಿದೆ. ಒಬ್ಬ ಆಟಗಾರನ ಜಾಗದಲ್ಲಿ ಸುಲಭವಾಗಿ ಸಿಗುವ ಸಾಧಾರಣ ಆಟಗಾರ ಇದ್ದಿದ್ದರೆ ತಂಡ ಎಷ್ಟು ಪಂದ್ಯ ಕಡಿಮೆ ಗೆಲ್ಲುತ್ತಿತ್ತು ಎಂಬುದನ್ನು ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲವನ್ನೂ ಕೂಡಿಸಿ ಅಂದಾಜು ಮಾಡುವ ಲೆಕ್ಕ ಅದು. ವಿಟೇಕರ್ ಅವರದು ಸುಮಾರು 75. ಒಂದೇ ಒಂದು ಮತ ಬಿಟ್ಟು ಎಲ್ಲ ಮತಗಳನ್ನೂ ಪಡೆದ ಡೆರೆಕ್ ಜೀಟರ್ ಅವರದು ಸುಮಾರು 71. ಅದೇ ಸೆಕೆಂಡ್ ಬೇಸ್‌ನಲ್ಲಿ ಆಡಿ ಹಾಲ್ ಆಫ್ ಫೇಮ್ ಸೇರಿದ ರೈನ್ ಸ್ಯಾಂಡ್‌ಬರ್ಗ್ ಅವರದು 68, ರಾಬರ್ಟೊ ಅಲೊಮಾರ್ ಅವರದು 67. ಒಂದು ಲೆಕ್ಕವೇ ಸರ್ವಸ್ವವೆಂದು ನಾನು ಹೇಳುವುದಿಲ್ಲ. ಜೀಟರ್ ಅವರಿಗಿಂತ ವಿಟೇಕರ್ ದೊಡ್ಡ ಆಟಗಾರ ಎಂದೂ ವಾದಿಸುವುದಿಲ್ಲ. ಆದರೆ ಒಬ್ಬರಿಗೆ ಶೇ 99ಕ್ಕೂ ಹೆಚ್ಚು, ಇನ್ನೊಬ್ಬರಿಗೆ ಶೇ 3ಕ್ಕೂ ಕಡಿಮೆ ಬೀಳುವಷ್ಟು ಅಂತರ ಅವರಿಬ್ಬರ ಆಟದಲ್ಲಿ ಇರಲಿಲ್ಲ.

ಇನ್ನೊಂದು ಕಾರಣ ಅವರ ಮೌನ. ಪತ್ರಕರ್ತರ ಮುಂದೆ ಹೆಚ್ಚು ಮಾತನಾಡಿದವರಲ್ಲ ಅವರು, ತಮ್ಮ ಪರವಾಗಿ ಎಂದೂ ವಾದ ಹೂಡಿದವರಲ್ಲ. ಅವರ ಬಗ್ಗೆ ಜನ ಈಗಲೂ ಹೇಳುವುದು 1985ರ ಆಲ್‌ಸ್ಟಾರ್ ಪಂದ್ಯದ ಘಟನೆಯನ್ನು. ಮಿನಿಯಾಪೊಲಿಸ್‌ನಲ್ಲಿ ನಡೆದ ಆ ಪಂದ್ಯಕ್ಕೆ ತಮ್ಮ ಸಮವಸ್ತ್ರವನ್ನು ಮರೆತು ಬಂದಿದ್ದ ವಿಟೇಕರ್, ಅಭಿಮಾನಿಗಳಿಗೆ ಮಾರುವ ಅಂಗಿಯನ್ನು ಅಂಗಡಿಯಿಂದ ತರಿಸಿ, ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಅಂಕಿ ಬರೆಸಿಕೊಂಡು ಆಡಿದರು. ಆ ಅಂಗಿ ಇವತ್ತು ಸ್ಮಿತ್ಸೋನಿಯನ್ ವಸ್ತುಸಂಗ್ರಹದಲ್ಲಿದೆ. ದೇಶದ ಅತಿ ದೊಡ್ಡ ವಸ್ತುಸಂಗ್ರಹದಲ್ಲಿ ಅಂಗಿಗೆ ಜಾಗ ಸಿಕ್ಕಿ, ಅದನ್ನು ತೊಟ್ಟವರಿಗೆ ಕೂಪರ್ಸ್‌ಟೌನಿನ ಗೋಡೆಯಲ್ಲಿ ಜಾಗ ಸಿಗಲಿಲ್ಲವೆಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಈ ತರಹದ ವಾದ ನನಗೆ ಅಮೆರಿಕಕ್ಕೆ ಬಂದ ಮೇಲೆ ಪರಿಚಯವಾದದ್ದಲ್ಲ. ಭದ್ರಾವತಿಯ ನಮ್ಮ ಮನೆಯ ಜಗುಲಿಯಲ್ಲಿ ರೇಡಿಯೊ ಸುತ್ತ ಕುಳಿತವರ ನಡುವೆ ಗಾವಸ್ಕರ್ ದೊಡ್ಡವರೋ ನಮ್ಮೂರಿನಲ್ಲೇ ಹುಟ್ಟಿದ ವಿಶ್ವನಾಥ್ ದೊಡ್ಡವರೋ ಎಂಬ ಚರ್ಚೆ ನಿಂತದ್ದೇ ಇಲ್ಲ. ಗಾವಸ್ಕರ್ ಪರವಾದವರು 34 ಶತಕ, 51ರ ಸರಾಸರಿ ಎನ್ನುತ್ತಿದ್ದರು. ವಿಶ್ವನಾಥ್ ಅವರ ಸರಾಸರಿ 41.93. ನನ್ನ ತಂದೆ ಸರಾಸರಿಯ ಬಗ್ಗೆ ಮಾತೇ ಆಡುತ್ತಿರಲಿಲ್ಲ. ವಿಶಿ ಶತಕ ಹೊಡೆದ ಒಂದೇ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ, 1975ರಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು ಹೊಡೆದ ಔಟಾಗದ 97 ರನ್ನಿಗೆ ಶತಕದ ಲೆಕ್ಕವೂ ಸಿಗಲಿಲ್ಲ ಎಂದಷ್ಟೇ ಹೇಳುತ್ತಿದ್ದರು. ಅಂಕಿಯನ್ನು ಧಿಕ್ಕರಿಸುವ ಮಾತಲ್ಲ ಅದು. ಯಾವ ಅಂಕಿಯನ್ನು ನೋಡಬೇಕು ಎಂದು ಕೇಳುವ ಮಾತು. ವಿಟೇಕರ್ ವಿಷಯದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಹ್ಯಾಮ್‌ಟ್ರ್ಯಾಮಿಕ್‌ನ ಮೈದಾನ

ಡೆಟ್ರಾಯ್ಟ್ ನಗರದ ಒಡಲೊಳಗೇ ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ಪಟ್ಟಣವಿದೆ. ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ಅಲ್ಲಿ ಬಹಳ. ನಾವು ಕೆಲವು ಕನ್ನಡಿಗರು ಬೇಸಿಗೆಯ ಭಾನುವಾರಗಳಲ್ಲಿ ಅವರ ಜೊತೆ ಕ್ರಿಕೆಟ್ ಆಡಲು ಹೋಗುತ್ತಿದ್ದೆವು. ಮೈದಾನದ ಒಂದು ಬದಿಗೆ ತುಕ್ಕು ಹಿಡಿದ ಹಳೆಯ ಗ್ಯಾಲರಿಯೊಂದು ಇತ್ತು, ಅದರೊಳಗೆ ಯಾರೂ ಕಾಲಿಡುತ್ತಿರಲಿಲ್ಲ. ಚೆಂಡು ಅತ್ತ ಹೋದರೆ ಬೇಲಿಯಾಚೆಯಿಂದ ಕೋಲಿನಲ್ಲಿ ಎಳೆದುಕೊಳ್ಳುತ್ತಿದ್ದೆವು. ಅದು 1930ರಲ್ಲಿ ಕಟ್ಟಿದ ಹ್ಯಾಮ್‌ಟ್ರ್ಯಾಮಿಕ್ ಸ್ಟೇಡಿಯಂ, ಕರಿಯರ ನೀಗ್ರೊ ಲೀಗಿನ ಡೆಟ್ರಾಯ್ಟ್ ಸ್ಟಾರ್ಸ್ ತಂಡದ ಅಂಗಳ ಎಂದು ನನಗೆ ಹೇಳಿದವರು ಅದೇ ಹಿರಿಯ ಸಹೋದ್ಯೋಗಿ. ಟರ್ಕಿ ಸ್ಟರ್ನ್ಸ್ ಅಲ್ಲಿ ಆಡಿದ್ದರು. ಮೈಬಣ್ಣದ ಕಾರಣಕ್ಕೆ ದೇಶದ ಅತ್ಯುನ್ನತ ಮಟ್ಟದ ಮೇಜರ್ ಲೀಗಿನ ಬಾಗಿಲು ಅವರಿಗೆ ತೆರೆಯಲಿಲ್ಲ. ಟೈಗರ್ಸ್ ತಂಡ ಮೊದಲ ಕರಿಯ ಆಟಗಾರನನ್ನು ಇಳಿಸಿದ್ದು 1958ರಲ್ಲಿ, ಮೇಜರ್ ಲೀಗಿನಲ್ಲಿ ಆ ಬಣ್ಣದ ಗೋಡೆಯನ್ನು ಒಡೆದ ಜಾಕಿ ರಾಬಿನ್ಸನ್ ಬ್ರೂಕ್ಲಿನ್‌ನಲ್ಲಿ ಆಡಿ ಹನ್ನೊಂದು ವರ್ಷಗಳಾದ ಮೇಲೆ. ಸ್ಟರ್ನ್ಸ್ ಹೊಟ್ಟೆಪಾಡಿಗೆ ಕಾರು ಕಾರ್ಖಾನೆಗಳಲ್ಲಿ ದುಡಿದರು, 1979ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು 2000ದಲ್ಲಿ.

2024ರ ಮೇ ತಿಂಗಳಲ್ಲಿ ನೀಗ್ರೊ ಲೀಗುಗಳ ಅಂಕಿ ಅಂಶಗಳನ್ನು ಮೇಜರ್ ಲೀಗಿನ ದಾಖಲೆಯೊಳಗೆ ಸೇರಿಸಿದಾಗ ಬ್ಯಾಟಿಂಗ್ ಸರಾಸರಿಯಲ್ಲಿ ಸಾರ್ವಕಾಲಿಕ ಮೊದಲ ಸ್ಥಾನ ಟೈ ಕಾಬ್ ಅವರಿಂದ ನೀಗ್ರೊ ಲೀಗಿನ ಜಾಶ್ ಗಿಬ್ಸನ್ ಅವರಿಗೆ ಬಂತು, .372. ಮೊದಲ ಹತ್ತರೊಳಗೆ ಸ್ಟರ್ನ್ಸ್ ಹೆಸರೂ ಕಾಣಿಸಿಕೊಂಡಿತು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ರಾಬಿನ್ಸನ್ ಮೊದಲ ಪಂದ್ಯ ಆಡುವುದಕ್ಕೆ ಮೂರು ತಿಂಗಳು ಮುಂಚೆ. ಆ ಲೀಗುಗಳ ಸೀಸನ್ ಚಿಕ್ಕದು, ದಾಖಲೆಗಳು ಅಪೂರ್ಣ, ಹಾಗಾಗಿ ಹೋಲಿಕೆ ಸಲ್ಲದು ಎಂದು ವಾದಿಸುವವರಿದ್ದಾರೆ. ಸೀಸನ್ ಚಿಕ್ಕದಾದದ್ದು ಅವರನ್ನು ಹೊರಗಿಟ್ಟ ಕಾರಣಕ್ಕೇ ಅಲ್ಲವೇ? ಬಿಳಿಯರಷ್ಟೇ ಇದ್ದ, ಕಾಬ್ ಆಡಿದ ಲೀಗಿನಲ್ಲೂ ದೇಶದ ಎಷ್ಟೋ ಅತ್ಯುತ್ತಮ ಪಿಚರ್‌ಗಳು ಇರಲಿಲ್ಲ; ಆ ಅಪೂರ್ಣತೆಯನ್ನು ಯಾರೂ ಕಾಬ್ ಅವರ ಅಂಕಿಯಿಂದ ಕಳೆದಿಲ್ಲ.

ಇಲ್ಲಿ ಬಕ್ ಓನೀಲ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ನೀಗ್ರೊ ಲೀಗುಗಳಲ್ಲಿ ಆಡಿ, ಆ ನೆನಪನ್ನು ಉಳಿಸುವುದಕ್ಕಾಗಿ ಊರೂರು ತಿರುಗಿದವರು ಅವರು. 2006ರಲ್ಲಿ ವಿಶೇಷ ಸಮಿತಿಯೊಂದು ಆ ಕಾಲದ ಹದಿನೇಳು ಜನರನ್ನು ಹಾಲ್ ಆಫ್ ಫೇಮ್‌ಗೆ ಆರಿಸಿತು. ಆ ಹದಿನೇಳರಲ್ಲಿ ಬದುಕಿದ್ದವರು ಯಾರೂ ಇರಲಿಲ್ಲ. ಓನೀಲ್ ಬದುಕಿದ್ದರು, ಅವರನ್ನು ಆರಿಸಲಿಲ್ಲ. ತೊಂಬತ್ತನಾಲ್ಕು ವರ್ಷದ ಅವರು ಆ ಜುಲೈನಲ್ಲಿ ಕೂಪರ್ಸ್‌ಟೌನಿಗೆ ಬಂದು ಆ ಹದಿನೇಳು ಜನರ ಪರವಾಗಿ ವೇದಿಕೆಯಲ್ಲಿ ನಿಂತು ಮಾತನಾಡಿದರು, ನೆರೆದವರೆಲ್ಲ ಪರಸ್ಪರ ಕೈ ಹಿಡಿದು ತಮ್ಮೊಡನೆ ಹಾಡುವಂತೆ ಮಾಡಿದರು. ಕಹಿಯ ಒಂದು ಮಾತೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ತೀರಿಕೊಂಡರು. 2021ರ ಡಿಸೆಂಬರ್‌ನಲ್ಲಿ ಬೇರೊಂದು ಸಮಿತಿ ಅವರನ್ನು ಆರಿಸಿತು. ಆ ಭಾಷಣದ ದೃಶ್ಯವನ್ನು ನಾನು ಹಲವು ಬಾರಿ ನೋಡಿದ್ದೇನೆ, ಪ್ರತಿ ಬಾರಿಯೂ ಗಂಟಲು ಕಟ್ಟುತ್ತದೆ.

ಶೀಲದ ಪ್ರಶ್ನೆ

ಈ ಚರ್ಚೆಯಲ್ಲಿ ಅತಿ ಹೆಚ್ಚು ಗದ್ದಲವಾಗುವುದು ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್, ಪೀಟ್ ರೋಸ್ ಹೆಸರುಗಳ ಸುತ್ತ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 762 ಹೋಮ್ ರನ್ ಹೊಡೆದ ಬಾಂಡ್ಸ್ ಮತ್ತು 354 ಪಂದ್ಯ ಗೆದ್ದ ಕ್ಲೆಮೆನ್ಸ್ ಇಬ್ಬರೂ ಉದ್ದೀಪನ ಮದ್ದಿನ ಆರೋಪದ ಕಾರಣಕ್ಕೆ 2022ರಲ್ಲಿ ಬರಹಗಾರರ ಪಟ್ಟಿಯಿಂದ ಹೊರಬಿದ್ದರು. ಆ ಕಾಲವನ್ನು ನೋಡಿಯೂ ತಡವಾಗಿ ಎಚ್ಚೆತ್ತ ಕಮಿಷನರ್ ಬಡ್ ಸೀಲಿಗ್ ಅವರಿಗೆ 2017ರಲ್ಲೇ ಫಲಕ ಸಿಕ್ಕಿತು. ಆಡಳಿತಗಾರನಿಗೆ ಒಂದು ಅಳತೆ, ಆಟಗಾರನಿಗೆ ಇನ್ನೊಂದು ಎಂಬುದನ್ನು ನಾನು ಒಪ್ಪುವುದಿಲ್ಲ. ಅವರಿಬ್ಬರನ್ನೂ ಸೇರಿಸಿ, ಆರೋಪವನ್ನೂ ಅದೇ ಕಂಚಿನಲ್ಲಿ ಕೆತ್ತಲಿ. 4,256 ಹಿಟ್‌ಗಳ ರೋಸ್ ವಿಷಯ ಬೇರೆ. ಅವರು ತಮ್ಮದೇ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟಿದರು. 2000ದ ಮ್ಯಾಚ್ ಫಿಕ್ಸಿಂಗ್ ಸುದ್ದಿ ಬಂದ ಬೆಳಿಗ್ಗೆ ಪತ್ರಿಕೆ ಹಿಡಿದು ಕೂತವರಿಗೆ ಅದರ ನೋವನ್ನು ವಿವರಿಸಬೇಕಿಲ್ಲ. 2025ರಲ್ಲಿ, ಅವರ ಮರಣದ ನಂತರ, ನಿಷೇಧವನ್ನು ತೆಗೆದರು. ನನ್ನ ಮನಸ್ಸಿನಲ್ಲಿ ಅದು ಇನ್ನೂ ಇದೆ.

ಆದರೆ ಈ ಮೂವರ ಗದ್ದಲವೇ ಪ್ರತಿ ವರ್ಷ ಮಾತಿನ ಸಮಯವನ್ನೆಲ್ಲ ನುಂಗಿಹಾಕುತ್ತದೆ. ತಪ್ಪು ಮಾಡಿದವರು ಒಳಗಿರಬೇಕೇ ಬೇಡವೇ ಎಂದು ಇಪ್ಪತ್ತು ವರ್ಷ ವಾದಿಸಿದವರು, ಯಾವ ತಪ್ಪನ್ನೂ ಮಾಡದೆ ಹೊರಗುಳಿದವರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದನ್ನು ನಾನು ಕಂಡಿಲ್ಲ.

ಬದುಕಿರುವಾಗ

ಹಾಲ್ ಆಫ್ ಫೇಮ್ ಚಿಕ್ಕದಾಗಿಯೇ ಇರಬೇಕು, ವಾದ ಮಾಡಬೇಕಾದಂಥ ಆಟಗಾರ ಅಲ್ಲಿಗೆ ತಕ್ಕವನೇ ಅಲ್ಲ ಎನ್ನುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು 1936ರ ಮೊದಲ ಮತದಾನವನ್ನು ನೆನಪಿಸುತ್ತೇನೆ. ಆ ವರ್ಷ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್ ಆಯ್ಕೆಯಾದರು. 511 ಪಂದ್ಯ ಗೆದ್ದ, ಇವತ್ತಿಗೂ ಯಾರೂ ಹತ್ತಿರ ಸುಳಿಯದ ಸೈ ಯಂಗ್ ಆಯ್ಕೆಯಾಗಲಿಲ್ಲ. ಅವರು ಮರುವರ್ಷದವರೆಗೆ ಕಾದರು. ಸೈ ಯಂಗ್ ಅವರಿಗೇ ವಾದ ಬೇಕಾಯಿತೆಂದ ಮೇಲೆ ವಾದ ಬೇಕಾದದ್ದು ಕೊರತೆಯ ಗುರುತಾಗಲಾರದು.

ಶಿಕಾಗೊ ಕಬ್ಸ್ ತಂಡದ ರಾನ್ ಸ್ಯಾಂಟೊ ಸಕ್ಕರೆ ಕಾಯಿಲೆಯನ್ನು ಹೊತ್ತುಕೊಂಡೇ ಆಡಿದರು. ಹಾಲ್ ಆಫ್ ಫೇಮ್ ಕರೆಗಾಗಿ ದಶಕಗಳ ಕಾಲ ಕಾದು 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕರೆ ಬಂದದ್ದು ಒಂದು ವರ್ಷದ ನಂತರ. ಡಿಕ್ ಆಲೆನ್ 2014ರಲ್ಲಿ ಒಂದೇ ಮತದಿಂದ ಅವಕಾಶ ಕಳೆದುಕೊಂಡರು, 2020ರಲ್ಲಿ ಸತ್ತರು, ಸತ್ತ ಮೇಲೆ 2021ರಲ್ಲಿ ಮತ್ತೊಮ್ಮೆ ಒಂದೇ ಮತದಿಂದ ತಪ್ಪಿತು, 2024ರಲ್ಲಿ ಆಯ್ಕೆಯಾದರು. ಇವರ ಅಂಕಿ ಅಂಶಗಳೆಲ್ಲ ಅವರು ಬದುಕಿದ್ದಾಗ ಎಷ್ಟಿದ್ದವೋ ಸತ್ತ ಮೇಲೂ ಅಷ್ಟೇ ಇದ್ದವು.

ಬರಹಗಾರರು ಆರಿಸದೆ ಬಿಟ್ಟವರನ್ನು ಮತ್ತೆ ಪರಿಶೀಲಿಸಲು ಹದಿನಾರು ಜನರ ಸಮಿತಿಯೊಂದಿದೆ. ವಿಟೇಕರ್ ಹೆಸರು ಅದರ ಮುಂದೆ ಬಂದದ್ದು ಒಮ್ಮೆ, 2019ರ ಡಿಸೆಂಬರ್‌ನಲ್ಲಿ, ನಾವು ಕೂಪರ್ಸ್‌ಟೌನಿಗೆ ಹೋಗಿ ಬಂದ ಐದು ತಿಂಗಳಿಗೆ. ಹನ್ನೆರಡು ಮತ ಬೇಕಿತ್ತು, ಆರು ಬಂದವು. ಅದೇ ದಿನ ಆಯ್ಕೆಯಾದ ಟೆಡ್ ಸಿಮನ್ಸ್ 1994ರಲ್ಲಿ ಶೇ 3.7 ಮತ ಪಡೆದು ಮೊದಲ ಯತ್ನದಲ್ಲೇ ಹೊರಬಿದ್ದಿದ್ದವರು. ಹಾಗಾಗಿ ಆ ಬಾಗಿಲು ತೆರೆಯಬಹುದಾದದ್ದೇ ಎಂದು ನನಗೆ ಧೈರ್ಯ ಬಂತು. ಆದರೆ 2022ರ ಎಂಟು ಹೆಸರುಗಳ ಪಟ್ಟಿಯಲ್ಲಿ ವಿಟೇಕರ್ ಇರಲಿಲ್ಲ. 2025ರ ಎಂಟರಲ್ಲೂ ಇರಲಿಲ್ಲ. ಆ ಸಲ ಆಯ್ಕೆಯಾದವರು ಜೆಫ್ ಕೆಂಟ್, ಅವರೂ ಸೆಕೆಂಡ್ ಬೇಸ್‌ಮನ್. ಹೋಮ್ ರನ್ ಅವರ ದೊಡ್ಡ ಬಲ, ವಾರ್ ಲೆಕ್ಕದಲ್ಲಿ ಸುಮಾರು 55. ಕೆಂಟ್ ಅವರ ಸಂತೋಷಕ್ಕೆ ನನ್ನ ಅಡ್ಡಿ ಇಲ್ಲ. ಮತದಾನಕ್ಕೂ ಮುಂಚೆ ಎಂಟು ಹೆಸರುಗಳನ್ನು ಆರಿಸುವವರು ವಿಟೇಕರ್ ಅವರ ವಾರ್ ಲೆಕ್ಕದ 75ರ ಕಡೆ ಕಣ್ಣು ಹಾಯಿಸಲಿಲ್ಲವಲ್ಲ ಎಂಬುದಷ್ಟೇ ನನ್ನ ಸಂಕಟ. ಮೊದಲ ವರ್ಷವೇ ಶೇ 5ರ ಗೆರೆಯ ಕೆಳಗೆ ಬಿದ್ದವರಲ್ಲಿ ಒಬ್ಬರ ಹೆಸರಾದರೂ ಪ್ರತಿ ಪಟ್ಟಿಯಲ್ಲಿ ಕಡ್ಡಾಯವಾಗಿ ಇರಲಿ ಎಂಬ ನಿಯಮ ಮಾಡಿದರೆ ಯಾರಿಗೂ ನಷ್ಟವಿಲ್ಲ. ಆರಿಸಬೇಕೆಂದಿಲ್ಲ; ಒಂದು ಮಧ್ಯಾಹ್ನ ಕುಳಿತು ಓದಬೇಕು.

2022ರ ಆಗಸ್ಟ್ 6ರಂದು ಟೈಗರ್ಸ್ ತಂಡದವರು ವಿಟೇಕರ್ ತೊಡುತ್ತಿದ್ದ 1ನೆಯ ಅಂಕಿಯನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲವೆಂದು ಕೊಮೆರಿಕಾ ಪಾರ್ಕ್‌ನಲ್ಲಿ ಘೋಷಿಸಿದರು. ಕೊರೊನಾದಿಂದಾಗಿ ಎರಡು ವರ್ಷ ಮುಂದೆ ಹೋಗಿದ್ದ ಸಮಾರಂಭ ಅದು. ನನ್ನನ್ನು ಟೈಗರ್ ಸ್ಟೇಡಿಯಂಗೆ ಕರೆದೊಯ್ದಿದ್ದ ಹಿರಿಯರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರು ನನಗೆ ಕೊಟ್ಟಿದ್ದ 1995ರ ಸ್ಕೋರ್ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅರವತ್ತೈದು ವರ್ಷದ ವಿಟೇಕರ್ ಮೈದಾನಕ್ಕೆ ಬಂದರು. ಜನ "ಲೂ..." ಎಂದು ಕೂಗಿದರು. ಮಗಳೂ ಕೂಗಿದಳು, ನಾನೂ ಕೂಗಿದೆ.

ಅವರ ಕಾಲದ ಆಟಗಾರರ ಸರದಿ ಸಮಿತಿಯ ಮುಂದೆ ಮತ್ತೆ ಬರುವುದು 2028ರ ಡಿಸೆಂಬರ್‌ನಲ್ಲಿ. ಆಗ ವಿಟೇಕರ್ ಅವರಿಗೆ 71 ವರ್ಷ. ಆಯ್ಕೆಯಾದರೆ ಸಮಾರಂಭ 2029ರ ಜುಲೈನಲ್ಲಿ ನಡೆಯುತ್ತದೆ. ಈಗ ಕಾಲೇಜಿನಲ್ಲಿರುವ ಮಗಳು, ಆ ವಾರ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡ ಎಂದು ನನಗೆ ಈಗಲೇ ಹೇಳಿದ್ದಾಳೆ.